ಒಮ್ಮುಖವಾಗದ ಹಾಳೆ

ಸಂಡೂರು ಕುಲುಮೆಮನೆ,
ಆಷಾಢದ ನಲವತ್ತನೇ ದಿನ, 2418

ಈ ಕುಲುಮೆಮನೆಗೆ ನನ್ನ ನಂತರ ಯಾವಾಗಲೋ ಬರುವವರಿಗೆ ಎರ್ರಿಸ್ವಾಮಿಯ ನಮಸ್ಕಾರ. ನಮ್ಮ ತಿಂಗಳಿಗೆ ನಲವತ್ತು ದಿನ. ಒಂದು ಹಾಳೆ ತಣಿಯುವಷ್ಟು ಕಾಲವೇ ನಮಗೆ ಒಂದು ತಿಂಗಳು. ನಿಮ್ಮಲ್ಲಿ ಲೆಕ್ಕ ಬದಲಾಗಿರಬಹುದು, ಮಾತೂ ಬದಲಾಗಿರಬಹುದು. ನಾನು ಓದಿದ್ದು ಹತ್ತನೇ ತರಗತಿವರೆಗೆ. ಅರ್ಥವಾಗದ ಮಾತಿದ್ದರೆ ಮನ್ನಿಸಿ, ಆದರೆ ಕೊನೆತನಕ ಓದಿ.

ನಾವು ಮಾಡುವುದು ಸೂಲಗಿತ್ತಿಯರ ಹಾಳೆ. ಬಸುರಿಯ ಹೊಟ್ಟೆಯ ಮೇಲಿಟ್ಟರೆ ಒಳಗೆ ಮಗು ಹೇಗೆ ಮಲಗಿದೆ ಎಂದು ಅದು ತೋರಿಸುತ್ತದೆ. ಅದಿರಿನ ಪುಡಿಯನ್ನು ಏಳು ಸಲ ಜರಡಿ ಹಿಡಿದು, ಕರಗಿಸಿ, ಉಗುರಿಗಿಂತ ತೆಳ್ಳಗೆ ಹರವಿ, ಮುಚ್ಚಳದಡಿ ತಣಿಸುತ್ತೇವೆ. ಹಾಳೆಯ ಒಂದೊಂದು ಕಣಕ್ಕೂ ಕಣ್ಣಿಗೆ ಕಾಣದ ಮುಳ್ಳೊಂದಿದೆ. ತಣಿಯುತ್ತ ಆ ಮುಳ್ಳುಗಳು ಪಕ್ಕದವನ್ನು ನೋಡಿ ಒಂದೇ ದಿಕ್ಕಿಗೆ ತಿರುಗುತ್ತವೆ. ಇದನ್ನು ಒಮ್ಮುಖ ಎನ್ನುತ್ತೇವೆ. ಒಮ್ಮುಖವಾಗದ ಹಾಳೆಯಲ್ಲಿ ಮಗು ಕಾಣುವುದಿಲ್ಲ. ಅಂಥದ್ದನ್ನು ಮತ್ತೆ ಕರಗಿಸುವುದಿಲ್ಲ. ಕೆಡಿಸಿದವರ ಹೆಸರು ಕೊರೆದು ಬಾಗಿಲಿಗೆ ತೂಗುಹಾಕುತ್ತೇವೆ. ಕೊರೆದ ಹೆಸರನ್ನು ಯಾರೂ ಅಳಿಸುವಂತಿಲ್ಲ.

ಜರಡಿ ಹಿಡಿಯುವುದು ಹುಲಿಗೆಮ್ಮ, ನಮಗೆಲ್ಲ ಹುಲಿಗೆಕ್ಕ, ಮೂವತ್ತೊಂದು ವರ್ಷದಿಂದ. ಅವಳ ಹೆಸರು ಆ ಬಾಗಿಲಲ್ಲಿ ಒಮ್ಮೆಯೂ ಬಂದಿಲ್ಲ. ಕಾವಲು ನನ್ನದು. ಕಾವಲೆಂದರೆ ಮುಚ್ಚಳ ಮುಟ್ಟದೆ ಸುಮ್ಮನೆ ಕೂರುವುದು, ನನಗೆ ಬರದೇ ಇರುವ ಕೆಲಸ. ಐದನೇ ದಿನ ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದವನು, ಒಳಗೇನಾಗುತ್ತಿದೆಯೋ ನೋಡೋಣವೆಂದು ಎದ್ದು ಮುಚ್ಚಳ ಎತ್ತಿದೆ. ತೋಳಿಗೆ ಅಂಟಿದ್ದ ಹುರಿಗಡಲೆ ಪುಡಿ ಒಂದಿಷ್ಟು ಉದುರಿತು. ಹಾಳೆ ಇನ್ನೂ ಕೆಂಪಗೆ ಕರಗಿಕೊಂಡೇ ಇತ್ತು. ಪುಡಿ ಚುರ್ ಎಂದು ಬೂದಿಯಾಗಿ ಕಾಣೆಯಾಯಿತು. ಇಷ್ಟಕ್ಕೆ ಏನಾದೀತು ಎಂದುಕೊಂಡು ಮುಚ್ಚಿಬಿಟ್ಟೆ.

ಈ ಬೆಳಿಗ್ಗೆ ಎಲ್ಲರೆದುರು ಮುಚ್ಚಳ ತೆಗೆದೆವು. ಕಣ್ಣಿಗೆ ಕನ್ನಡಿಯಂತಿತ್ತು. ದಿಕ್ಸೂಚಿ ಆಡಿಸಿದರೆ ಅಂಗೈಯಗಲ ಜಾಗ ಒಂದು ಕಡೆಗೆ ಎಳೆಯಿತು, ಪಕ್ಕದ್ದು ಇನ್ನೊಂದು ಕಡೆಗೆ. ತಾನು ಜರಡಿ ಹಿಡಿದ ಅದಿರಿನ ಪುಡಿಯಲ್ಲೇ ಕಸ ಉಳಿದಿದೆ ಎಂದು ಹುಲಿಗೆಕ್ಕ ತಕ್ಷಣ ಹೇಳಿದಳು. ಕಸದ ಒಂದೊಂದು ಕಣವೂ ಹತ್ತಿರದ ಮುಳ್ಳುಗಳನ್ನು ತನಗೆ ಬೇಕಾದ ಕಡೆಗೆ ಒಂಚೂರು ಎಳೆಯುತ್ತದಂತೆ. ದಪ್ಪ ದಿಮ್ಮಿಯಾಗಿದ್ದರೆ ಸುತ್ತಲಿನ ಮುಳ್ಳುಗಳು ಸೇರಿ ಅದನ್ನು ತಡೆದುಕೊಳ್ಳುತ್ತಿದ್ದವಂತೆ. ತೆಳು ಹಾಳೆಗೆ ಅಷ್ಟು ಬಲವಿಲ್ಲ. ಎಳೆತ ಎಷ್ಟೇ ಸಣ್ಣದಿದ್ದರೂ ದೊಡ್ಡ ಹಾಳೆ ತುಂಡುತುಂಡಾಗಿ ಬೇರೆಬೇರೆ ಕಡೆ ಮುಖ ಮಾಡುತ್ತದೆ. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

"ಕುಂತಲ್ಲಿ ಕುಂದ್ರದ ಜೀವ ನಿಂದು. ಈ ಸಲ ನಲವತ್ತು ದಿನಾನೂ ಕುಂತೀಯಪ್ಪ. ನನ್ನ ಕಣ್ಣಾ ಮಂಜಾಗ್ಯಾವ. ಇನ್ನ ಜರಡಿ ನೀನಾ ಹಿಡಕೋ."

"ಹೂಂ ಅಕ್ಕ" ಎಂದೆ. ಅವಳು ಜರಡಿಯನ್ನು ತೊಳೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟು ಮನೆಗೆ ಹೋದಳು. ಅದನ್ನು ಎಲ್ಲಿಡಬೇಕೋ ಗೊತ್ತಾಗದೆ ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮುಖ ಎತ್ತಲಾಗುತ್ತಿಲ್ಲ.

ಕೊರೆಯುವವನು ಸಂಜೆಗೆ ಬರುತ್ತಾನೆ. ಅವನು ಉಳಿ ಇಡುವ ಮೊದಲು ಎಲ್ಲರೆದುರು ಹೇಳಬೇಕು ಎಂದುಕೊಂಡಿದ್ದೇನೆ. ಬೆಳಿಗ್ಗೆಯೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಈ ಕಾಗದವನ್ನು ಹೊಸ್ತಿಲ ಕಲ್ಲಿನಡಿ ಇಡುತ್ತಿದ್ದೇನೆ. ಸಿಕ್ಕಿದವರು ಒಂದು ಸಲ ತಲೆ ಎತ್ತಿ ಬಾಗಿಲ ಹಾಳೆ ನೋಡಿ. ಎರ್ರಿಸ್ವಾಮಿ ಎಂದಿದ್ದರೆ ಇದನ್ನು ಹರಿದುಹಾಕಿ. ಹುಲಿಗೆಮ್ಮ ಎಂದಿದ್ದರೆ ನಾನು ಬಾಯಿ ಬಿಡಲಿಲ್ಲ ಎಂದು ತಿಳಿಯಿರಿ. ನಮ್ಮ ಪದ್ಧತಿಯನ್ನು ಅದೊಂದು ಸಲ ಮುರಿದು, ಆ ಹೆಸರನ್ನು ಅಳಿಸಿಬಿಡಿ.