ಇವತ್ತು ಮೈಕ್ ಹಚ್ಚಬೇಡ

ಅಣ್ಣಾ,

ಪಕ್ಕದ ಮನೆಯ ಮಹಾಲಕ್ಷ್ಮಿಯ ಕೂಸಿಗೆ ಜ್ವರ ಇನ್ನೂ ಇಳಿದಿಲ್ಲ. ಅವಳ ಗಂಡ ಹಟ್ಟಿ ಗಣಿಯಲ್ಲಿ ಪಾಳಿಗೆ ಇಳಿದಿದ್ದಾನೆ, ಫೋನ್ ಹತ್ತುತ್ತಿಲ್ಲ. ತಾಯಿ ಕೂಸು ಇಬ್ಬರನ್ನೂ ಕರೆದುಕೊಂಡು ನಾನೇ ಲಿಂಗಸುಗೂರಿನ ದವಾಖಾನೆಗೆ ಹೊರಟಿದ್ದೇನೆ.

ಉಪವಾಸದ ದಿನ ಒಲೆ ಹಚ್ಚಿದೆನೆಂದು ಬೈಯಬೇಡ. ಬೆಳಗಿನಿಂದ ಅವರ ಮನೆಯಲ್ಲಿ ಪಾತ್ರೆಯ ಸದ್ದೇ ಇರಲಿಲ್ಲ. ಗಂಜಿ ಕಾಸಿ ಅವಳಿಗೆ ಕುಡಿಸಿದೆ.

ಸಂಜೆ ಪ್ರಾರ್ಥನೆಗೆ ಮೈಕ್ ಹಚ್ಚಬೇಡ, ಮೆಲ್ಲಗೆ ಮಾಡು. ನಿನ್ನೆ ನೀನು ಬೇಡಿಕೊಂಡಿದ್ದೆಲ್ಲ ಗೋಡೆಯಾಚೆ ಮಹಾಲಕ್ಷ್ಮಿಗೆ ಕೇಳಿಸಿದೆ. “ನಿಮ್ಮಣ್ಣ ನನ್ನ ಹೆಸರು ಹಿಡಿದು ಅಷ್ಟು ಜೋರ್ ಕೂಗ್ಯಾನ, ಕೂಸು ಬೆಚ್ಚಿ ಎದ್ದು ಮತ್ತ ಮಲಗಲಿಲ್ಲ ನೋಡವಾ. ಒಮ್ಮೆ ಬಾಗಿಲಿಗೆ ಬಂದು ಹೆಂಗದೀ ಅಂತ ಕೇಳಿದ್ರ ಆಗ್ತಿತ್ತು” ಎಂದಳು. ಸಿಟ್ಟಿನಿಂದ ಅಂದಿದ್ದಲ್ಲ. ಆದರೂ ನನಗೆ ತಲೆ ಎತ್ತಲು ಆಗಲಿಲ್ಲ.

ಅವರ ಕೊಡಗಳನ್ನು ನಮ್ಮ ಅಂಗಳದಲ್ಲಿ ಇಟ್ಟಿದ್ದೇನೆ. ನಳ ಬಂದಾಗ ತುಂಬಿಸಿ ಅವರ ಕಟ್ಟೆಯ ಮೇಲೆ ಇಡು. ಅವರ ಆಡಿಗೆ ಮೇವು ಹಾಕು, ಅದು ಹಾಯುತ್ತದೆ, ಜೋಪಾನ.

ಡಾಕ್ಟರ್ ಎದುರು ನನ್ನ ಬಾಯಿ ಕಟ್ಟುತ್ತದೆಂದು ನಿನಗೆ ಗೊತ್ತು. ಮಹಾಲಕ್ಷ್ಮಿ ಗಾಬರಿಯಲ್ಲಿದ್ದಾಳೆ, ಡಾಕ್ಟರ್ ಕೇಳಿದ್ದಕ್ಕೆಲ್ಲ ನಾನೇ ಹೇಳಬೇಕು. ಅದಕ್ಕೆ ಇವತ್ತು ನನ್ನ ಸಲುವಾಗಿಯೂ ಬೇಡಿಕೋ.

ರೂತ್