ಚಾಪೆ ಹಾಸಿ ಕೇಳಿದ ಹಾಡು

ಕಗ್ಗದಾಸಪುರ
17-11-2024, ಭಾನುವಾರ

ರೇವತಕ್ಕಾ,

ಹೆಂಗಿದೀಯಾ? ಮಾವ, ನಿನ್ನ ಮಗ ಸೂರ್ಯ ಆರಾಮಾ? ಅವ್ವನ ಮಣ್ಣು ಮುಗಿಸಿ ಬಂದ್ಮೇಲೆ ಕಾಗದ ಬರೆಯೋಕೆ ಇಷ್ಟು ದಿನ ತಗೊಂಡೆ, ತಪ್ಪು ನಂದೇ. ಫೋನ್ ಮಾಡಿದ್ರೆ ನೀನು ಕಟ್ ಮಾಡ್ತೀಯಲ್ಲ, ಅದು ಯಾರ ತಪ್ಪು? ಕಾಗದ ಕಟ್ ಮಾಡೋಕಾಗಲ್ಲ. ಹರಿಯೋದಾದ್ರೂ ಓದಿ ಹರಿ. ಏಳನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಭಾಷೆ ಬೇರೆ ಬೆಂಗ್ಳೂರಿಂದಾಗಿದೆ. ನಗಬೇಡ.

ನನ್ನ ಕೆಲಸ ಏನು ಅಂತ ಊರಲ್ಲಿ ಎಲ್ರೂ ಕೇಳ್ತಿದ್ರಲ್ಲ, ಹೇಳ್ತೀನಿ. ಇಂದಿರಾನಗರದಲ್ಲಿ ಒಂದು ದೊಡ್ಡ ಮನೆ, ವೆಲ್‌ನೆಸ್ ರಿಟ್ರೀಟ್ ಅಂತಾರೆ. ಸುಸ್ತಾದೋರು ಬಂದು ಆರಾಮ ಮಾಡೋ ಜಾಗ. ನಾನು ಚಾಪೆ ಹಾಸ್ತೀನಿ, ಸುತ್ತಿಡ್ತೀನಿ. ದೊಡ್ಡ ದೊಡ್ಡೋರು ಮಣ್ಣು ಕಲಸಿ ಆಟ ಆಡ್ತಾರೆ, ಮಕ್ಕಳ ಥರ ಚಿತ್ರಕ್ಕೆ ಬಣ್ಣ ತುಂಬ್ತಾರೆ. ಒಬ್ಬ ಕಂಚಿನ ಬಟ್ಟಲು ಟೊಂಯ್ ಅನ್ನಿಸ್ತಾನೆ, ಮಿಕ್ಕೋರು ಬಿದ್ಕೊಂಡು ಕೇಳ್ತಾರೆ. ಅಂಗಿ ಮೇಲೆ ಚೂರು ಮಣ್ಣು ಬಿದ್ರೆ 'ಲಕ್ಷ್ಮೀ, ಟಿಶ್ಯೂ!' ಮಣ್ಣಾಟಕ್ಕೇ ಬಂದು ಮಣ್ಣಾಯ್ತು ಅಂತ ಕೂಗೋರ ಹತ್ರ ಏನು ಮಾತಾಡೋದು, ಹೇಳು?

ಈಗ ಹೊಸದು ಬೀಸೋ ಕಲ್ಲು. ಜೋಗುಪಾಳ್ಯದ ಹಳೇ ಸಾಮಾನಿನ ಅಂಗಡಿಯಿಂದ ತಂದು, ಸುತ್ತ ಹೂವಿಟ್ಟು ಕೂರಿಸಿದಾರೆ. ಕಾಳು ಹಾಕಂಗಿಲ್ಲ, ಸುಮ್ನೆ ತಿರುಗಿಸ್ಬೇಕಂತೆ, ಮನಸ್ಸು ಹಗುರ ಆಗುತ್ತಂತೆ. ನಿನ್ನೆ ಓನರ್ ಅಲಿಯಾ ಮೇಡಂ ಕರೆದ್ರು. 'ಲಕ್ಷ್ಮೀ, ನಿಮ್ ಕಡೆ ಹೆಂಗಸ್ರು ಬೀಸ್ತಾ ಹಾಡ್ತಾರಲ್ವಾ? ಏನಾದ್ರೂ ಸ್ಲೋ ಆಗಿರೋದು ಹಾಡು.'

'ಬರಲ್ಲ ಮೇಡಂ.'

'ಅಯ್ಯೋ, ನಾಚ್ಕೋಬೇಡ. ಎಲ್ಲಾ ಕಾಯ್ತಿದಾರೆ.'

ಮೈ ಉರೀತು. ಕಲ್ಲಿನ ಗೂಟ ಹಿಡಿದು ತಿರುಗಿಸ್ತಾ ಬಾಯಿ ತೆಗೆದೆ. ಬಂದಿದ್ದು ಬೀಸೋ ಪದ ಅಲ್ಲಕ್ಕಾ. ಅವ್ವನ ಹೆಣದ ಮುಂದೆ ನೀನು ಎದೆ ಬಡ್ಕೊಂಡು ಹಾಡ್ಕೊಂಡು ಅತ್ತೆಯಲ್ಲ, ಅದೇ ಧಾಟಿ. ಶುರು ಆದ್ಮೇಲೆ ನಿಲ್ಲಿಸೋಕಾಗ್ಲಿಲ್ಲ. ಕಣ್ಣಲ್ಲಿ, ಮೂಗಲ್ಲಿ ನೀರು. ಅವರು ಚಾಪೆ ಮೇಲೆ ಕಣ್ಣು ಮುಚ್ಕೊಂಡು ತಲೆದೂಗ್ತಿದ್ರು. ಒಬ್ಬ ಗೊರಕೆ ಹೊಡೆದ!

ಅಡುಗೆಮನೆಯ ಇಮಾಮ್ ಬೀ ನಮ್ಮ ಶಹಾಪುರದ ಕಡೆಯವಳು. ಸೌಟು ಹಿಡ್ಕೊಂಡೇ ಓಡಿ ಬಂದ್ಲು. 'ಏ ಹುಡುಗಿ, ಯಾರ ಸತ್ತಾರ?'

'ಅವ್ವ.'

ಸೌಟು ಕೆಳಗಿಟ್ಲು. ಪಕ್ಕ ಕೂತು, ತಾನೂ ಗೂಟ ಹಿಡಿದು ದನಿ ಎತ್ತಿದ್ಲು. ಮುಗಿದಾಗ ಗೆಸ್ಟ್‌ಗಳು ಚಪ್ಪಾಳೆ ಹೊಡೆದ್ರು.

ಮೇಡಂಗೆ ಖುಷಿಯೋ ಖುಷಿ. 'ಎಂಥಾ ಜೋಗುಳ! ಎಲ್ಲಾ ಫುಲ್ ರಿಲ್ಯಾಕ್ಸ್ ಆಗ್ಬಿಟ್ರು. ಇನ್ಮೇಲೆ ಡೈಲಿ ಹಾಡು.'

'ಡೈಲಿ ಹಾಡ್ಬೇಕಂದ್ರೆ ಡೈಲಿ ಒಬ್ರು ಸಾಯ್ಬೇಕು ಮೇಡಂ' ಅಂದೆ.

ಅವರ ಮುಖ ನೀನು ನೋಡ್ಬೇಕಿತ್ತು. ನಾಳೆ ಕೆಲಸ ಇರುತ್ತೋ ಇಲ್ವೋ. ಹೋದ್ರೆ ಹೋಗ್ಲಿ. ಅದನ್ನ ಅಲ್ಲಿ ಮತ್ತೆ ಹಾಡಲ್ಲ.

ಸೂರ್ಯನ್ನ ಓದಿಸು. ಶಾಲೆ ಬಿಡಿಸಿದ್ರೆ ಬಂದು ಬಾಗಿಲಲ್ಲೇ ಜಗಳ ತೆಗೀತೀನಿ. ಚಿಕ್ಕವಳಾದ್ರೂ ಹರಸ್ತೀನಿ, ನಿಮ್ಮನೆ ತಣ್ಣಗಿರಲಿ.

ನಿನ್ನ ತಂಗಿ,
ಲಕ್ಷ್ಮಿದೇವಿ

ಇನ್ನೊಂದು ಮಾತು: 'ಬೆಂಗಳೂರಿಗೆ ಹೋಗಿ ಕಲ್ಲಾಗ್ಯಾಳ, ಹೆತ್ತವ್ವ ಸತ್ರ ಒಂದ ಹನಿ ಕಣ್ಣೀರಿಲ್ಲ' ಅಂತ ಮಣ್ಣಿನ ದಿನ ಎಲ್ಲಾರ ಮುಂದ ಅಂದಿ. ಅಕ್ಕಾ, ಸತ್ತೋರಿಗೆ ಒಳ್ಳೇದು ಹೇಳಿ ಅಳಬೇಕು. ಅವತ್ತ ನನ್ನ ಬಾಯಾಗ ಬಂದಿದ್ದು ಇಷ್ಟ: 'ಯವ್ವಾ, ಅಕ್ಕನ್ನ ಕಣ್ಣ ಮುಂದ ಇಟ್ಕೊಂಡಿ, ಸಾಲಿ ಬಿಡಿಸಿ ನನ್ನ ಯಾಕ ಬೆಂಗಳೂರಿಗೆ ದುಡಿಯಾಕ ಕಳಿಸಿದಿ?' ಹೆಣದ ಮುಂದ ಅವ್ವನ್ನ ಬೈಬಾರದಂತ ಹಲ್ಲು ಕಚ್ಚಿ ನಿಂತಿದ್ದೆ. ನಿನ್ನೆ ಅದನ್ನ ಹಾಡಿದೆ. ನಮ್ಮ ಕಡೀ ಮಾತು, ಇಮಾಮ್ ಬೀಗೆ ಬಿಟ್ರ ಯಾರಿಗೂ ತಿಳೀಲಿಲ್ಲ. ನಿನಗ ತಿಳೀಲಿ ಅಂತ ಬರದೀನಿ. ಫೋನ್ ಎತ್ತು.