ಬೂದಿಯ ಪಾದ ಒರೆಸಿದ್ದು

ನನ್ನ ಮುದ್ದು ತಂಗಿಗೆ,

ಮಗು ನಿದ್ದೆ ಹೋದ ಮೇಲೆ ಓದು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಬೆಕ್ಕು ಬೂದಿ ಬದುಕಿದ್ದಾಳೆ. ಬೈಯುವುದಿದ್ದರೆ ಪೂರ್ತಿ ಓದಿ, ಆಮೇಲೆ ಬೈ.

ಹೆರಿಗೆಗೆಂದು ಅತ್ತೆಯ ಮನೆಗೆ ಹೊರಟ ದಿನ ಬೂದಿಯನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕಾ, ನಿನ್ನ ಹತ್ರ ಇದ್ರೆ ನಂಗೆ ಚಿಂತೆ ಇಲ್ಲ" ಅಂದಿದ್ದೆ. ಹಿಗ್ಗಿಹೋಗಿದ್ದೆ ನಾನು. ಅಮ್ಮ ಹೋದಾಗ ಆರು ವರ್ಷದವಳಾಗಿದ್ದ ನಿನ್ನನ್ನೇ ಸಾಕಿದವಳಿಗೆ ಒಂದು ಬೆಕ್ಕು ಯಾವ ಲೆಕ್ಕ ಎಂಬ ಜಂಬ.

ಹದಿನೈದು ದಿನದ ಹಿಂದೆ, ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬರುತ್ತೇನೆಂದು ಫೋನ್ ಮಾಡಿದೆಯಲ್ಲ, ಅವತ್ತೇ ಮನೆ ತೊಳೆಯಲು ಸೆರಗು ಸಿಕ್ಕಿಸಿ ನಿಂತೆ. ನನ್ನ ರೋಗ ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ವಾರ್ಡು ಒರೆಸಿದ ಕೈ ಇದು. ಫಿನಾಯಿಲ್ ಘಾಟು ಮೂಗಿಗೆ ಹೊಡೆಯದಿದ್ದರೆ ನೆಲ ಸ್ವಚ್ಛವಾಯಿತೆಂದು ಮನಸ್ಸು ಒಪ್ಪುವುದೇ ಇಲ್ಲ. ವಾರ್ಡಿನಲ್ಲಿ ಬಕೆಟ್ಟು ನೀರಿಗೆ ಒಂದು ಮುಚ್ಚಳ ಫಿನಾಯಿಲ್ ಹಾಕುವವಳು, ಮಗು ಬರುತ್ತದೆಂದು ಮನೆಯಲ್ಲಿ ನಾಲ್ಕು ಸುರಿದೆ. ಅಷ್ಟರಲ್ಲಿ ಬೂದಿ ಹೂಕುಂಡದ ಮಣ್ಣು ಮೆಟ್ಟಿಕೊಂಡು ಬಂದಳು. "ಅಯ್ಯೋ ಕೊಳಕಿ, ಬಾರೇ ಇಲ್ಲಿ" ಎಂದು ಹಿಡಿದು, ನೆಲ ಒರೆಸುತ್ತಿದ್ದ ಅದೇ ಬಟ್ಟೆ ಹಿಂಡಿ, ಬೆರಳ ಸಂದು ಬಿಡದೆ ನಾಲ್ಕು ಪಾದವನ್ನೂ ಒರೆಸಿದೆ. ಒರೆಸಿ ಮುದ್ದನ್ನೂ ಕೊಟ್ಟೆ.

ಅವಳು ಕಿಟಕಿಯ ಕಟ್ಟೆ ಹತ್ತಿ ಕೂತು ಪಾದ ನೆಕ್ಕತೊಡಗಿದಳು. ಸಂಜೆಯಾಗುವುದರೊಳಗೆ ಜೊಲ್ಲು ಸುರಿಯುತ್ತಿತ್ತು, ಬಾಯಿ ಹುಣ್ಣಾಗಿತ್ತು, ಹಿಂಗಾಲು ಅದುರುತ್ತಿತ್ತು. ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ. ಅಲ್ಲಿಯ ಡಾಕ್ಟರಮ್ಮ ಅವಳ ಕಾಲು ಮೂಸಿ, "ಏನು ಹಚ್ಚಿದ್ರಿ?" ಅಂದರು. "ಏನೂ ಇಲ್ಲ, ಕ್ಲೀನ್ ಮಾಡ್ದೆ ಅಷ್ಟೆ" ಅಂದೆ, ಹೆಮ್ಮೆಯಿಂದಲೇ. "ನಿಮ್ಮ ಕಾಲಿಗೆ ಹತ್ತಿದ್ರೆ ತೊಳ್ಕೋತೀರಿ. ಇದು ನೆಕ್ಕುತ್ತೆ. ಕಾಲಿಗೆ ಹತ್ತಿದ್ದೆಲ್ಲ ಹೊಟ್ಟೆಗೇ ಹೋಗೋದು. ಫಿನಾಯಿಲ್ ಬೆಕ್ಕಿಗೆ ವಿಷ ಕಣಮ್ಮಾ" ಅಂದರು.

ಮೂರು ದಿನ ಅಲ್ಲೇ ಇಟ್ಟುಕೊಂಡರು. ಬದುಕುವುದೂ ಖಾತ್ರಿಯಿರಲಿಲ್ಲ. ಆ ಮೂರೂ ದಿನ ನೀನು "ಬೂದಿ ಹೇಗಿದಾಳೆ?" ಎಂದು ಕೇಳಿದಾಗ, "ತಿಂದೂ ತಿಂದೂ ದುಂಡಗಾಗಿದಾಳೆ" ಎಂದು ಸುಳ್ಳು ಹೇಳಿದೆ. ಫೋನಿಟ್ಟು ಬಿಕ್ಕಿಬಿಕ್ಕಿ ಅತ್ತೆ.

ಈಗ ಅವಳು ಮನೆಯಲ್ಲಿದ್ದಾಳೆ, ಫಿನಾಯಿಲ್ ಇಲ್ಲ. ನೆಲಕ್ಕೆ ಬಿಸಿನೀರು, ಚೂರು ಸೋಪು, ಆಮೇಲೆ ಬರೀ ನೀರು. ಒಣಗುವ ತನಕ ಮಹಾರಾಣಿಯವರು ಮಲಗುವ ಕೋಣೆಯಲ್ಲಿ ಬಂದಿ. ಬಾಗಿಲ ಹಿಂದಿನಿಂದ ನನಗೆ ಸಹಸ್ರನಾಮ. ಜಿರಲೆ ಸ್ಪ್ರೇ, ಇಲಿ ಪಾಷಾಣ, ನನ್ನ ತಲೆನೋವಿನ ಮಾತ್ರೆ ಎಲ್ಲಕ್ಕೂ ಕಪಾಟು, ಚಿಲಕ. ಬೆಕ್ಕಿನ ಎತ್ತರಕ್ಕೆ ಇಳಿದು ನೋಡಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಬೋರಲಾಗಿ ಮಲಗಿ ನೋಡಿದೆ ಕಣೇ. ಮಂಚದಡಿ ಯಾವ ಕಾಲದ್ದೋ ಎರಡು ನುಸಿಗುಳಿಗೆ ಬಿದ್ದಿದ್ದವು!

ಆದರೆ ನನ್ನ ಕೈ ಕಂಡರೆ ಅವಳು ಓಡಿಹೋಗುತ್ತಿದ್ದಳು. ವಾರ್ಡಿನ ವಾಸನೆಗಿರಬೇಕು. ಈಗ ಕೆಲಸದ ಬಟ್ಟೆ ಅಲ್ಲೇ ಬದಲಿಸಿ, ಕೈ ಉಜ್ಜಿ ತೊಳೆದು ಬರುತ್ತೇನೆ. ನಿನ್ನೆ ಮಧ್ಯಾಹ್ನ ತಾನಾಗಿ ಬಂದು ನನ್ನ ಬೆರಳಿನಿಂದ ಮೀನಿನ ಚೂರು ತಿಂದಳು. ಎಲ್ಲಿ ಬೆದರುತ್ತಾಳೋ ಎಂದು ಕಣ್ಣೀರನ್ನೂ ಒರೆಸಿಕೊಳ್ಳದೆ ಕೂತಿದ್ದೆ.

ಇನ್ನು ನಿನಗೆ ಬಿಟ್ಟದ್ದು. ನಾಳೆ ಮಗು ಇದೇ ನೆಲದ ಮೇಲೆ ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಇದನ್ನೆಲ್ಲ ಓದಿದ ಮೇಲೂ ಭಾನುವಾರ ಬರುತ್ತೀಯಾ? ಮಗುವನ್ನು ನನ್ನ ಕೈಗೆ ಕೊಡುತ್ತೀಯಾ? ಕೊಡದಿದ್ದರೂ ನನಗೇನೂ ಬೇಜಾರಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ. ನಿನಗೆ ಇನ್ನೊಂದು ಸುಳ್ಳು ಹೇಳಲಾರೆ. ಬೇಜಾರಾಗುತ್ತದೆ ಕಣೇ, ತುಂಬ ಆಗುತ್ತದೆ. ಆದರೂ ನಿನ್ನ ಮನಸ್ಸು ಒಪ್ಪಿದರೆ ಮಾತ್ರ ಬಾ.

ನಿನ್ನ ಮಡಿಲು ತಂಪಾಗಿರಲಿ, ಕಂದ ನೂರು ಕಾಲ ಬಾಳಲಿ.

ನೀನು ಬಂದರೂ ಬಾರದಿದ್ದರೂ ನಿನ್ನವಳೇ ಆದ,
ಅಕ್ಕ